ಕೈಲಾಸದ ಕಲ್ಲು, ಕೈಲಾಸದ ಸುಣ್ಣ

ನಮ್ಮ ನಾಡಿನ ಶಹಾಬಾದಿ ಕಲ್ಲು ಈ ಪ್ರಾಂತದ ಎಷ್ಟೋ ಮನೆಗಳ ನೆಲದಲ್ಲಿದೆ. ಹೋದ ದೀಪಾವಳಿಗೆ ನಮ್ಮ ಮನೆಯಾಕೆ ಬಚ್ಚಲಿಗೆಂದು ತಂದ ಆಸಿಡ್ಡನ್ನು ಜಿಡ್ಡು ಹೋಗಲೆಂದು ಅಡಿಗೆಮನೆಯ ನೆಲಕ್ಕೂ ಸುರಿದಳು. ಕಲ್ಲು ಬುಸುಬುಸನೆ ನೊರೆಗಟ್ಟಿತು. ಜಿಡ್ಡಿನೊಡನೆ ಹೊಳಪೂ ಹೋಗಿ ಬಿಳಿಯ ಕಲೆ ಉಳಿಯಿತು. ಮರುವಾರ ಊರಿನಿಂದ ಬಂದ ನಂಟರನ್ನು ವೇರೂಳಿಗೆ ಕರೆದೊಯ್ದಾಗಲೂ ನನ್ನ ತಲೆಯಲ್ಲಿ ಆ ಕಲೆಯೇ. ಸಾವಿರದಿನ್ನೂರು ಮಳೆಗಾಲಗಳನ್ನು ಕಂಡ ಕೈಲಾಸ ನಿಂತಿರುವಾಗ ನಮ್ಮ ನೆಲ ಅರ್ಧ ಬಾಟಲಿಗೆ ಸೋತುದೇಕೆ?

ವೇರೂಳ್ ಕನ್ನಡಿಗರಿಗೆ ಪರಸ್ಥಳವಲ್ಲ. 'ಕವಿರಾಜಮಾರ್ಗ' ಕನ್ನಡನಾಡಿಗೆ ಗೋದಾವರಿಯನ್ನು ಎಲ್ಲೆಯಾಗಿ ಹೇಳುತ್ತದೆ. ವೇರೂಳ್ ಆ ಎಲ್ಲೆಯಿಂದ ತುಸು ಆಚೆಗೇ ಇದೆಯೆನ್ನಿ. ಆದರೆ ಎಂಟನೆಯ ಶತಮಾನದಲ್ಲಿ ಬೆಟ್ಟವನ್ನು ನೆತ್ತಿಯಿಂದ ಕೆಳಕ್ಕೆ ಕಡಿಸಿ ಗುಡಿಮಾಡಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಗುಡಿಯ ರೂಪದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷನ ಹೋಲಿಕೆಯುಂಟು. ಇದನ್ನು ಮಾಡಿದ ಶಿಲ್ಪಿಯೇ 'ನಾನಿದನ್ನು ಹೇಗೆ ಮಾಡಿದೆ' ಎಂದು ಬೆರಗಾದನೆಂಬ ಭಾವ ಕ್ರಿ.ಶ. 812ರ ಬರೋಡಾ ತಾಮ್ರಶಾಸನದಲ್ಲಿದೆ.

ಶಹಾಬಾದಿ ಸುಣ್ಣದ ಕಲ್ಲು. ಆಮ್ಲ ತಗಲಿದೊಡನೆ ಅದರ ಒಂದಂಶ ಅನಿಲವಾಗಿ ಹಾರುತ್ತದೆ, ಉಳಿದುದು ನೀರಿನಲ್ಲಿ ಕರಗಿ ಹೋಗುತ್ತದೆ. ಅಮೃತಶಿಲೆಯೂ ಇದೇ ಕುಲದ್ದು. ಅದರಿಂದಲೇ 1996ರಲ್ಲಿ ಸುಪ್ರೀಂ ಕೋರ್ಟು ತಾಜಮಹಲಿನ ಸುತ್ತಣ ಕಾರಖಾನೆಗಳು ಕಲ್ಲಿದ್ದಲು ಬಿಡಬೇಕು, ಇಲ್ಲವೆ ಜಾಗ ಬಿಡಬೇಕು ಎಂದಿತು. ವೇರೂಳಿನ ಕರಿಗಲ್ಲಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿದ್ದು. ದುರ್ಬಲ ಆಮ್ಲಕ್ಕೆ ಅದು ನೊರೆಯೇಳುವುದಿಲ್ಲ. ಸವೆತವಿಲ್ಲವೆಂದಲ್ಲ, ಬಹು ನಿಧಾನ.

ಆದರೆ ಕೈಲಾಸವೇನೂ ಸೋಲದೆ ಉಳಿದಿಲ್ಲ. ನಾವು ಕಾಣುವ ಕರಿಯ ಗುಡಿ ಮೊದಲು ಕರಿಯದಾಗಿರಲಿಲ್ಲ. ಗಾರೆ ಮೆತ್ತಿ ಬಣ್ಣ ಬಳಿದಿದ್ದರು. ಇದನ್ನು ರಂಗಮಹಲೆಂದು ಕರೆಯುತ್ತಿದ್ದುದು ಅದಕ್ಕಾಗಿಯೇ. ಗಾರೆಯ ಸುಣ್ಣ ನಮ್ಮ ಶಹಾಬಾದಿಯ ದಾಯಾದಿ! ಶುದ್ಧವಾದ ಮಳೆನೀರು ಕೂಡ ಗಾಳಿಯ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗಿರುತ್ತದೆ. ಬಿಸಿಲು ಬಿರುಕು ಬಿಡಿಸಿತು, ಮಳೆ ಕರಗಿಸಿ ತೊಳೆಯಿತು. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಸವಕಳಿಯೆಂದು ಹೆಸರು. ಇಲ್ಲಿ ಮಾತ್ರ ವರ್ಷವರ್ಷದ ಸವಕಳಿಯನ್ನು ಬರೆದಿಟ್ಟವರಿಲ್ಲ. ಮಳೆ ತಾಗದ ಮುಖಮಂಟಪದ ಮೇಲ್ಚಾವಣಿಯಲ್ಲಿ ಒಂದಿಷ್ಟು ಚಿತ್ರಗಳು ಉಳಿದಿವೆ. ಇಂಥ ಗವಿಗಳಲ್ಲಿ ಮಳೆಯ ಕೆಲಸವನ್ನು ಬಾವಲಿಗಳು ವಹಿಸಿಕೊಳ್ಳುತ್ತವೆ. ಅವುಗಳ ಹಿಕ್ಕೆ, ಮೂತ್ರ ತೇವದಲ್ಲಿ ಕೊಳೆತು ಆಮ್ಲವಾಗುತ್ತದೆ.

ನಂಟರು ಆನೆಗಳ ಸಾಲು ನೋಡುತ್ತ ಮುಂದೆ ಹೋದರು. ನಾನು ಕತ್ತು ನೋಯುವವರೆಗೂ ಆ ಚಾವಣಿಯ ಮಾಸಿದ ಬಣ್ಣವನ್ನು ನೋಡುತ್ತ ನಿಂತೆ. ಮನೆಗೆ ಬಂದ ಮೇಲೆ ಅಡಿಗೆಮನೆಯ ಕಲೆಯ ಮೇಲೆ ಒಂದು ಚಾಪೆ ಹಾಸಿದೆವು.