ಮೀನು, ಗಿಡ, ಬಸವನಹುಳು

ಹೋದ ವಾರ ನನ್ನ ತೊಟ್ಟಿಯಲ್ಲಿ ಆರು ನಿಯಾನ್ ಟೆಟ್ರಾ ಇದ್ದವು. ಈಗ ಎರಡೇ... ಉಳಿದವು ಏಂಜಲ್ ಮೀನಿನ ಹೊಟ್ಟೆ ಸೇರಿದವು. ಬರೀ ಬಣ್ಣ ನೋಡಿ ಜೊತೆಗೆ ಬಿಟ್ಟ ತಪ್ಪು ನನ್ನದೇ.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮಾತ್ರ ಯಾರಿಗೆ ಯಾರು ಆಹಾರ ಅಂತ ನೋಡಿದ್ದ. 1849ರಲ್ಲಿ ಸುಮಾರು 12 ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಗಿಡ ನೆಟ್ಟ. ಗಿಡ ಆಮ್ಲಜನಕ ಕೊಟ್ಟರೆ ನೀರು ಬದಲಿಸೋದು ಬೇಡ ಅನ್ನೋ ಲೆಕ್ಕ. ಆದರೆ ಎಲೆ ಕೊಳೆತು ನೀರು ಕದಡಿತು. (ನಮ್ಮ ಕೋಡ್‌ನಲ್ಲೂ ಬಗ್ ಹೀಗೇ ಬರೋದು!) ಆಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿನ ಪಾಲಾಯಿತು. ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಪ್ರಕಟಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು.

ನನ್ನ ಎರಡು ಟೆಟ್ರಾ ಸದ್ಯಕ್ಕೆ ಬಕೆಟ್‌ನಲ್ಲಿವೆ.