ಸಾವಯವ ನ್ಯಾನೊತಂತಿಗಳು: ಕರ್ನಾಟಕದ ಅಧ್ಯಾಯ

ಇಂಗಾಲ ಪ್ರಧಾನವಾದ ಅಣುಗಳು ತಾವಾಗಿಯೇ ಸಾಲುಗಟ್ಟಿ ರೂಪಿಸುವ ಅತಿ ಸಣ್ಣ ಎಳೆಗಳು ಸಾವಯವ ನ್ಯಾನೊತಂತಿಗಳು. ಎರಡು ಬಗೆಯ ಅರೆವಾಹಕ ಅಣುಗಳು ಒಂದೇ ಎಳೆಯಲ್ಲಿ ಕೂಡಿದರೆ ಅದು ಮಿಶ್ರರಚನೆಯ ತಂತಿ. ಅಣುಗಳ ಜೋಡಿ ಸರಿಯಾಗಿದ್ದರೆ, ಬೆಳಕು ಬಿದ್ದಾಗ ಅವು ಸೇರುವ ಗಡಿಯಲ್ಲಿ ಧನ ಮತ್ತು ಋಣ ವಿದ್ಯುದಂಶಗಳು ಬೇರೆಯಾಗುತ್ತವೆ. ಸೌರಕೋಶಕ್ಕೂ ಬೆಳಕಿನ ಸಂವೇದಕಕ್ಕೂ ಬೇಕಾದದ್ದು ಇದೇ.

ಈ ಕಥೆಯ ಒಂದು ಬೇರು ಮೈಸೂರಿನಲ್ಲಿದೆ. ಸಿ.ವಿ. ರಾಮನ್ನರ ಸೋದರಳಿಯ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ಬಂದು, ದ್ರವದಂತೆ ಹರಿದರೂ ಅಣುಗಳು ಸ್ಫಟಿಕದಂತೆ ಒಂದು ಕ್ರಮದಲ್ಲಿರುವ ದ್ರವಸ್ಫಟಿಕಗಳ ಅಧ್ಯಯನ ನಡೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ದ್ರವಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕೆಂಬುದು ಆಗಿನ ನಂಬಿಕೆ. 1977ರಲ್ಲಿ ಅವರು ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆಗೂಡಿ ‘ಪ್ರಮಾಣ’ ಪತ್ರಿಕೆಯಲ್ಲಿ ಬೇರೆಯದೇ ಮಾತು ಹೇಳಿದರು: ನಡುವೆ ಬೆಂಜೀನ್ ಉಂಗುರವಿರುವ ಚಪ್ಪಟೆ ಅಣುಗಳೂ ದ್ರವಸ್ಫಟಿಕವಾಗುತ್ತವೆ, ಅಂಗಡಿಯಲ್ಲಿ ಒಟ್ಟಿದ ಮುತ್ತುಗದ ಎಲೆಗಳಂತೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ. ಪ್ರಬಂಧ ಚಿಕ್ಕದು, ಆದರೆ ಅದು ತೆರೆದ ಕ್ಷೇತ್ರ ದೊಡ್ಡದು.

ಕಂಬದುದ್ದಕ್ಕೂ ವಿದ್ಯುತ್ ಹರಿಯಬಹುದೆಂಬ ಆಸೆ ಬೇಗ ಹುಟ್ಟಿತು. ಸಾಕ್ಷಿ ಸಿಗಲು ಕಾಲ ಹಿಡಿಯಿತು. 1994ರಲ್ಲಿ ಜರ್ಮನಿಯ ಸಂಶೋಧಕರು ಟ್ರೈಫಿನೈಲೀನ್ ಕಂಬಗಳಲ್ಲಿ ವಿದ್ಯುದಂಶಗಳು ವೇಗವಾಗಿ ಚಲಿಸುವುದನ್ನು ಅಳೆದು ತೋರಿಸಿದರು. ಮಾರುಕಟ್ಟೆಯ ದಾರಿ ಮಾತ್ರ ಬೇರೆ. ಆ ದಶಕದಲ್ಲೇ ಈ ಚಪ್ಪಟೆ ಅಣುಗಳು ಹೆಚ್ಚು ಬಿಕರಿಯಾದದ್ದು ತಂತಿಯಾಗಿ ಅಲ್ಲ, ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಅಂಟಿಸುವ ಜಪಾನಿನ ಫ್ಯೂಜಿ ಕಂಪನಿಯ ಫಿಲ್ಮ್ ಆಗಿ.

ಎರಡು ಬಗೆಯ ಅಣುಗಳನ್ನು ಕೂಡಿಸುವ ಕೆಲಸದಲ್ಲಿ ಮುಂದೆ ನಡೆದವರು ಟೋಕಿಯೊದ ತಕುಝೊ ಐದಾ ತಂಡದವರು. 2006ರಲ್ಲಿ ಒಂದರ ಮೇಲೊಂದು ಹೊದಿಕೆಯಾದ ನ್ಯಾನೊಕೊಳವೆ, 2011ರಲ್ಲಿ ಒಂದು ಕೊಳವೆಯ ತುದಿಯಿಂದಲೇ ಬೇರೊಂದು ಅಣುವಿನ ಕೊಳವೆ ಬೆಳೆಸಿದ ರಚನೆ. ಎರಡೂ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದವು.

ಕರ್ನಾಟಕದಲ್ಲಿ ಈ ವಿಷಯ ಮತ್ತೆ ಗಟ್ಟಿಯಾಗಿ ಕೇಳಿಬಂದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಸುಬಿ ಜಾರ್ಜ್ ಅವರ ತಂಡ 2020ರಲ್ಲಿ ನ್ಯಾಫ್ತಲೀನ್ ಡೈಇಮೈಡ್ ಅಣುಗಳನ್ನು ದ್ರಾವಣದಲ್ಲೇ ತುಣುಕು ತುಣುಕಾಗಿ ಪೋಣಿಸಿ, ಒಂದೇ ಎಳೆಯ ಬೇರೆ ಬೇರೆ ಭಾಗಗಳನ್ನು ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಗುರುತಿಸಿತು. ಇಲ್ಲಿ ತುಣುಕುಗಳನ್ನು ಹಿಡಿದಿಡುವುದು ಬಲವಾದ ರಾಸಾಯನಿಕ ಬಂಧವಲ್ಲ, ಅಣುಗಳ ನಡುವಿನ ದುರ್ಬಲ ಸೆಳೆತ. ಹಾಗಾಗಿ ಅಣುಗಳು ಕಲಸಿಹೋಗದೆ ಕ್ರಮ ಉಳಿಸಿಕೊಳ್ಳುವಂತೆ ಮಾಡುವುದೇ ಇದರ ಕಷ್ಟದ ಭಾಗ.