ತಾಲ್ಲೂಕು ಬೋರ್ಡನ್ನು ಮುಚ್ಚಿದವರು ಯಾರು?

ಒಂದು ಸಂಸ್ಥೆ ಹುಟ್ಟಿದ ಕಥೆಯನ್ನು ಎಲ್ಲರೂ ಬರೀತಾರೆ. ಶಂಕುಸ್ಥಾಪನೆಯ ಕಲ್ಲು, ಫೋಟೋ, ಭಾಷಣ... ಅದೇ ಸಂಸ್ಥೆ ಮುಚ್ಚಿದ ದಿನಕ್ಕೆ ಕಲ್ಲು ನೆಡುವವರು ಯಾರೂ ಇಲ್ಲ ನೋಡಿ! ನನಗೆ ಕುತೂಹಲ ಇರೋದು ಆ ಮುಚ್ಚಿದ ಕಥೆಯ ಮೇಲೆ. ನಮ್ಮ ಹೊಸಪೇಟೆ ಸೀಮೆಯಲ್ಲಂತೂ ಅಂಥ ಕಥೆಗಳಿಗೆ ಬರವಿಲ್ಲ.

ಮೊದಲು ತಾಲ್ಲೂಕು ಬೋರ್ಡನ್ನೇ ತಗೊಳ್ಳಿ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1884ರ ಮದ್ರಾಸ್ ಕಾಯ್ದೆಯಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಬಂದವು. ರಸ್ತೆ, ಶಾಲೆ, ಆಸ್ಪತ್ರೆ, ಛತ್ರ ಇವುಗಳ ಜವಾಬ್ದಾರಿ ಅವುಗಳದ್ದು. ಖರ್ಚಿಗೆ ಮುಖ್ಯವಾಗಿ ಭೂಕಂದಾಯದ ಮೇಲಿನ ಸೆಸ್ಸು. ಅಂದರೆ ಹೊಸಪೇಟೆ, ಕಂಪ್ಲಿಯ ರೈತ ಕಟ್ಟಿದ ದುಡ್ಡು. ಪಕ್ಕದ ಸಂಡೂರಿಗೆ ಇದ್ಯಾವುದೂ ಅನ್ವಯಿಸುತ್ತಿರಲಿಲ್ಲ, ಅದು ಘೋರ್ಪಡೆಯವರ ಸಂಸ್ಥಾನ.

1934ರಲ್ಲಿ ಮದ್ರಾಸ್ ಸರ್ಕಾರ ತಾಲ್ಲೂಕು ಬೋರ್ಡುಗಳನ್ನು ರದ್ದು ಮಾಡಿತು. ಒಂದು ತಿದ್ದುಪಡಿ, ಅಷ್ಟೇ. ಕೆಲಸವೆಲ್ಲ ದೂರದ ಜಿಲ್ಲಾ ಬೋರ್ಡಿನ ಕೈಗೆ ಹೋಯಿತು.

ಮುಂದೆ 1949ರಲ್ಲಿ ಸಂಡೂರು ಸಂಸ್ಥಾನ ಭಾರತದಲ್ಲಿ ವಿಲೀನವಾಗಿ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ನಾವೆಲ್ಲ ಮೈಸೂರು ರಾಜ್ಯಕ್ಕೆ ಬಂದೆವು. ಈಗ ತಮಾಷೆ ನೋಡಿ. ಮದ್ರಾಸಿನವರು ಮುಚ್ಚಿದ್ದ ತಾಲ್ಲೂಕು ಬೋರ್ಡನ್ನು ಮೈಸೂರಿನ 1959ರ ಕಾಯ್ದೆ ಮತ್ತೆ ತಂದಿತು, ಈ ಸಲ ಜಿಲ್ಲಾ ಬೋರ್ಡಿಗೆ ಕುತ್ತು! ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿಗಳು ಬಂದವು, ತಾಲ್ಲೂಕು ಬೋರ್ಡು ಮತ್ತೆ ಹೋಯಿತು. 1993ರ ಕಾಯ್ದೆಯಲ್ಲಿ ತಾಲ್ಲೂಕು ಪಂಚಾಯ್ತಿಯಾಗಿ ಮರುಜನ್ಮ. ಇಷ್ಟೆಲ್ಲದರಲ್ಲಿ ಒಂದು ಸಲವಾದರೂ ಊರಿನವರನ್ನು "ಇಟ್ಟುಕೊಳ್ಳಲಾ, ಮುಚ್ಚಲಾ?" ಅಂತ ವೋಟು ಹಾಕಿಸಿ ಕೇಳಿಲ್ಲ.

ಅಮೆರಿಕದಲ್ಲಿ ನೀರು, ಚರಂಡಿ, ಅಗ್ನಿಶಾಮಕ ಅಂತ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಜಿಲ್ಲೆಗಳಿವೆ. ಎಷ್ಟೋ ರಾಜ್ಯಗಳಲ್ಲಿ ಸ್ಥಳೀಯ ಆಡಳಿತದ ನಿರ್ಣಯದಿಂದಲೋ ಮತದಾನದಿಂದಲೋ ಅವನ್ನು ಮುಚ್ಚಬಹುದು. ಹಾಗಂತ ಅದೂ ಸುಲಭವಲ್ಲ. ಫ್ಲೋರಿಡಾದಲ್ಲಿ ಡಿಸ್ನಿಗೆಂದೇ 1967ರಲ್ಲಿ ಆದ ರೀಡಿ ಕ್ರೀಕ್ ಜಿಲ್ಲೆಯನ್ನು ಮುಚ್ಚಲು 2022ರಲ್ಲಿ ಆ ರಾಜ್ಯವೇ ಕಾನೂನು ಮಾಡಿತು. ಆದರೆ ಸುಮಾರು 100 ಕೋಟಿ ಡಾಲರ್ ಸಾಲ ಯಾರ ತಲೆಗೆ ಅನ್ನೋ ಪ್ರಶ್ನೆ ಎದ್ದಿತು. ಕೊನೆಗೆ 2023ರಲ್ಲಿ ಹೆಸರು ಬದಲಿಸಿ, ಗವರ್ನರ್ ನೇಮಿಸುವ ಮಂಡಳಿ ಕೂರಿಸಿ ಉಳಿಸಿಕೊಂಡರು. ಬೋರ್ಡು ಮುಚ್ಚಬಹುದು ಸ್ವಾಮಿ, ಸಾಲವನ್ನು ಹಾಗೆ ಮುಚ್ಚೋಕಾಗಲ್ಲ.

ನಮ್ಮಲ್ಲೂ ಒಂದೇ ಕೆಲಸದ ಸಂಸ್ಥೆಗಳಿವೆ. ತುಂಗಭದ್ರಾ ಮಂಡಳಿ ಹುಟ್ಟಿದ್ದು ಸಂಸತ್ತಿನ 1953ರ ಆಂಧ್ರ ರಾಜ್ಯ ಕಾಯ್ದೆಯ ಅಡಿಯಲ್ಲಿ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಹೊಸಪೇಟೆ ಜೀವ ಕೈಯಲ್ಲಿ ಹಿಡಿದು ಕೂತಿತ್ತು. ಆದರೆ ಹೊಸಪೇಟೆ ನಗರಸಭೆ ಎಷ್ಟು ಠರಾವು ಮಾಡಿದರೂ ಆ ಮಂಡಳಿಯ ಒಂದು ನಟ್ಟು ಅಲ್ಲಾಡಲ್ಲ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಹಾಗೇ, ರಾಜ್ಯದ 2002ರ ಕಾಯ್ದೆಯ ಕೂಸು. ನದಿಯ ಈಚೆಯ ಹಂಪಿ, ಆಚೆಯ ಆನೆಗೊಂದಿ ಎರಡೂ ಅದರ ವ್ಯಾಪ್ತಿಯಲ್ಲಿವೆ. ಪಂಚಾಯ್ತಿ ಸದಸ್ಯರನ್ನು ಊರವರು ಆರಿಸಬಹುದು, ಪ್ರಾಧಿಕಾರವನ್ನಲ್ಲ.

ಪ್ರಾಧಿಕಾರ ಬೇಡ ಅನ್ನುತ್ತಿಲ್ಲ ನಾನು. ಅದಿಲ್ಲದಿದ್ದರೆ ಕಲ್ಲಿನ ಮಂಟಪಗಳ ಪಕ್ಕದಲ್ಲೇ ಲಾಡ್ಜುಗಳು ಎದ್ದು ನಿಲ್ಲುತ್ತಿದ್ದವು. ನನ್ನ ತಕರಾರು ಬೇರೆ. ಸಂವಿಧಾನದ 243ಇ ವಿಧಿ ಪಂಚಾಯ್ತಿಗೆ 5 ವರ್ಷದ ಅವಧಿ ಕೊಟ್ಟಿದೆ, ವಿಸರ್ಜಿಸಿದರೆ 6 ತಿಂಗಳೊಳಗೆ ಚುನಾವಣೆ ಆಗಬೇಕು ಅನ್ನುತ್ತದೆ. ಆದರೂ 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಕಾಯ್ದೆ ತಿದ್ದದೆ, ಗೆಜೆಟ್ಟಿನಲ್ಲಿ "ರದ್ದು" ಅನ್ನೋ ಪದ ಬರೆಯದೆ ಮುಚ್ಚಿಟ್ಟಂತೆ ಆಯ್ತಲ್ಲ! ಅದೇ 2021ರಲ್ಲಿ ವಿಜಯನಗರ ಜಿಲ್ಲೆ ಆಗಿ ಹೊಸಪೇಟೆ, ಹಂಪಿ ಇತ್ತ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೊಸ ಜಿಲ್ಲೆ ಬಂತು, ಆದರೆ ಅದಕ್ಕೆ ಜನ ಆರಿಸಿದ ಜಿಲ್ಲಾ ಪಂಚಾಯ್ತಿ ಜೊತೆಗೆ ಬರಲಿಲ್ಲ.

1934ರಲ್ಲಿ ಮುಚ್ಚಿದವರು ಕೊನೇ ಪಕ್ಷ ಮುಚ್ಚಿದ್ದೇವೆ ಅಂತ ಬರೆದಿಟ್ಟು ಹೋದರು. ನೀವೇನಂತೀರಿ?